ಜಾಗ ಬದಲಿಸಿದ ಮಚ್ಚೆ

ಶಾಲೆಯ ಸಭಾಂಗಣದಲ್ಲಿ ಪರದೆ ಸರಿದದ್ದೇ ತಡ, ಎಲ್ಲರೂ ಹೌಹಾರಿದರು. ನಿವೃತ್ತರಾಗುತ್ತಿದ್ದ ಹೆಡ್‌ಮಾಸ್ತರರ ಆಳೆತ್ತರದ ಫೋಟೊ ಅದು. ಮೀಸೆ ಅವರದೇ, ಕನ್ನಡಕ ಅವರದೇ—ಮುಖ ಮಾತ್ರ ಬೇರೆ ಯಾರದೋ! ಎಡಗೆನ್ನೆಯ ದಪ್ಪ ಮಚ್ಚೆ ಬಲಗೆನ್ನೆಗೆ ಹೋಗಿ ಕೂತಿತ್ತು. ಕೋಟಿನ ಜೇಬೂ ಪೆನ್ನಿನ ಸಮೇತ ಅದರ ಹಿಂದೆಯೇ ಹೊರಟಿತ್ತು. ಮಕ್ಕಳು ಕಿಸಕ್ಕೆಂದರು.

ಸ್ಟುಡಿಯೊ ಮಾಲೀಕ ಕೆಂಡಾಮಂಡಲವಾದ. ಹಿಂದಿನ ದಿನ ಮಾಸ್ತರರಿಗೆ ಕಂಪ್ಯೂಟರಿನಲ್ಲಿ ತೋರಿಸುವಾಗ ಎಲ್ಲ ಸರಿಯಾಗಿತ್ತಂತೆ. ಆಮೇಲೆ ಪ್ರಿಂಟ್ ಹಾಕಿದ್ದು ಅವನ ಹೆಂಡತಿಯ ತಮ್ಮ. ಸಾಲದ್ದಕ್ಕೆ ಈ ಭಾವಮೈದುನ ಇದೇ ಶಾಲೆಯಲ್ಲಿ, ಇದೇ ಮಾಸ್ತರರ ಕೈಯಲ್ಲಿ ವರ್ಷವೆಲ್ಲ ಬೆಂಚಿನ ಮೇಲೆ ನಿಂತವನು. ಸೇಡು ತೀರಿಸಿಕೊಂಡಿದ್ದಾನೆ ಎಂದು ತೀರ್ಮಾನಿಸಿದ ಮಾಲೀಕ, ನಾಳೆಯಿಂದ ಸ್ಟುಡಿಯೊ ಮೆಟ್ಟಿಲು ಹತ್ತಬೇಡ ಎಂದುಬಿಟ್ಟ. ಬೇರೆ ಯಾವ ಕೆಲಸವೂ ಬಾರದ ಆ ಬಡಪಾಯಿ ಇಂಗು ತಿಂದ ಮಂಗನಂತೆ ನಿಂತ.

ಪುಣ್ಯಕ್ಕೆ ನನ್ನ ಸೋದರತ್ತೆ ಪಕ್ಕದಲ್ಲಿದ್ದಳು. ಅತ್ತೆ ಪೊಲೀಸ್ ಕೆಲಸದಿಂದ ನಿವೃತ್ತಳಾಗಿದ್ದಳು. ಅವಳ ಅನುಮಾನ ಇನ್ನೂ ನಿವೃತ್ತವಾಗಿರಲಿಲ್ಲ. ನೇರ ಭಾವಮೈದುನನ ಬಳಿಗೆ ಹೋದಳು.

“ಪ್ರಿಂಟ್ ಹಾಕುವಾಗ ಮಚ್ಚೆ ಕಾಣಿಸ್ಲಿಲ್ವಾ?”

“ಆ ಮುಖಾನ ನಾನು ಯಾವತ್ತು ನೋಡಿದೀನಿ ಮೇಡಂ? ತಲೆ ತಗ್ಗಿಸ್ಕೊಂಡೇ ನಿಂತಿರ್ತಿದ್ದೆ. ಚಪ್ಪಲಿ ಆದ್ರೆ ಗುರುತು ಹಿಡೀತೀನಿ.”

ಅತ್ತೆ ಒಬ್ಬೊಬ್ಬರನ್ನೇ ವಿಚಾರಿಸಿದಳು. ಇದು ನಮ್ಮವರ ದಾಯಾದಿ ಇದ್ದ ಹಾಗಿದೆ ಎಂದು ಮಾಸ್ತರರ ಹೆಂಡತಿ ಗೊಣಗಿದರು. ಡ್ರಾಯಿಂಗ್ ಮೇಷ್ಟರು ಬಾಯಿ ಯಾಕೋ ಸೊಟ್ಟಗಿದೆ ಎಂದರು. ಹೆಡ್‌ಮಾಸ್ತರರು ಮಾತ್ರ ಫೋಟೊದ ಮುಂದೆ ನಿಂತು ಮೀಸೆ ನೀವಿಕೊಳ್ಳುತ್ತ, ಆದದ್ದಾಯಿತು, ಇಷ್ಟಕ್ಕೆಲ್ಲ ರಂಪ ಯಾಕೆ ಎಂದರು.

ಅತ್ತೆಯ ಹುಬ್ಬು ಮೇಲೇರಿತು.

“ಸರ್, ನಿನ್ನೆ ಕಂಪ್ಯೂಟರ್ ಮುಂದೆ ಒಬ್ರೇ ಕೂತಿದ್ರಾ?”

ಗಿರಾಕಿ ಬಂದರೆಂದು ತಾನು ಸ್ವಲ್ಪ ಹೊತ್ತು ಹೊರಗೆ ಹೋಗಿದ್ದು ಮಾಲೀಕನಿಗೆ ಆಗ ನೆನಪಾಯಿತು.

“ಒಂದು ಕಾಗುಣಿತ ತಪ್ಪಿದ್ರೂ ಬೆಂಚು ಹತ್ತಿಸೋರು ನೀವು. ಇಷ್ಟು ದೊಡ್ಡ ತಪ್ಪನ್ನ ಹೇಗೆ ಮಾಫಿ ಮಾಡಿದ್ರಿ?” ಅತ್ತೆ ಕೇಳಿದಳು. “ಯಾಕಂದ್ರೆ ಅದು ನಿಮಗೆ ತಪ್ಪು ಅನ್ನಿಸ್ಲೇ ಇಲ್ಲ. ನಮಗೆಲ್ಲ ಈ ಮುಖ ಹೊಸದು. ಇದನ್ನ ದಿನಾ ನೋಡೋರು ಒಬ್ರೇ—ಕನ್ನಡಿ ಮುಂದೆ ಶೇವ್ ಮಾಡ್ಕೊಳ್ಳೋ ನೀವು.”

ಮಾಸ್ತರರ ಕಿವಿ ಕೆಂಪಾಯಿತು.

“ಕಂಪ್ಯೂಟರಿನ ಫೋಟೊದಲ್ಲಿ ಬಾಯಿ ಸೊಟ್ಟಗಿತ್ತು. ಯಾವುದೋ ಗುಂಡಿ ಒತ್ತಿದೆ, ಎಡಬಲ ಅದಲುಬದಲಾಗಿ ಸರಿಹೋಯ್ತು. ಸ್ಟುಡಿಯೊದವರ ತಪ್ಪು ಅಂದ್ಕೊಂಡು ತಿದ್ದಿದೆ, ಅಷ್ಟೇ.” ಆಮೇಲೆ ದನಿ ಇಳಿಸಿ ಹೆಂಡತಿಯ ಕಡೆ ತಿರುಗಿದರು. “ಹಾಗಾದ್ರೆ ಇಷ್ಟು ವರ್ಷ ನೀವೆಲ್ಲ ನೋಡ್ತಿದ್ದದ್ದು ಆ ಸೊಟ್ಟ ಮುಖಾನಾ?”

“ಮದುವೆಗೆ ಒಪ್ಪಿದ್ದೂ ಅದನ್ನ ನೋಡೇ,” ಎಂದರು ಹೆಂಡತಿ.

ಮಾಲೀಕ ನಾಚಿಕೊಂಡು ಸ್ಟುಡಿಯೊದ ಬೀಗದ ಕೈಯನ್ನು ಭಾವಮೈದುನನಿಗೆ ಕೊಟ್ಟು, ಮೊದಲಿನ ಫೋಟೊವನ್ನೇ ಪ್ರಿಂಟ್ ಹಾಕಿ ತಾ ಎಂದ. ಅವನು ಹೊರಡುವಷ್ಟರಲ್ಲಿ ಹಿಂದೆ ಸದ್ದಾಯಿತು. ಹೆಡ್‌ಮಾಸ್ತರರು ತಾವಾಗಿಯೇ ಮುಂದಿನ ಬೆಂಚು ಹತ್ತಿ ತಲೆ ತಗ್ಗಿಸಿ ನಿಂತಿದ್ದರು.

ಭಾವಮೈದುನ ಜೀವನದಲ್ಲೇ ಮೊದಲ ಸಲ ಆ ಮುಖವನ್ನು ಕತ್ತೆತ್ತಿ, ಕಣ್ತುಂಬ ನೋಡಿದ.

“ಇಳೀರಿ ಸರ್,” ಎಂದ. “ಮಚ್ಚೆ ಎಡಕ್ಕೇ ಇದೆ.”