ಗುಡ್ಡದ ಮನೆಯ ಹೆಂಗಸು

ಕೋಟಿನ ಹಳೆಯ ಜಿಪ್ಪಿನ ಹೊಲಿಗೆಯನ್ನು ಅವಳು ಅರ್ಧ ಬಿಚ್ಚಿದ್ದಳು. ಕೋಟು ತಂದಿದ್ದ ಮನೆ ದಲ್ಲಾಳಿ ಹೆಂಗಸು ಹೊಲಿಗೆ ಅಂಗಡಿಯ ಸ್ಟೂಲಿನ ಮೇಲೆ ಆರಾಮಾಗಿ ಕೂತು ಕೇಳಿದಳು:

"ಅಕ್ಕಾ, ನೀವು ಮನೆ ಬದಲಾಯಿಸ್ತಿದೀರಾ?"

"ಇಲ್ವಲ್ಲ. ಯಾಕೆ?"

"ನಿಮ್ಮನೆಯವರು ಗುಡ್ಡದ ಮೇಲಿನ ಖಾಲಿ ಮನೆ ನೋಡೋಕೆ ಮತ್ತೆ ಮತ್ತೆ ಬರ್ತಿದಾರೆ. ಒಬ್ಬಳೇ ಇರೋ ಹೆಂಗಸಿಗೆ ಅಂದ್ರು. ಯಾರು ಬಂದ್ರು, ಯಾರು ಹೋದ್ರು ಅಂತ ಪಕ್ಕದವರಿಗೆ ಕಾಣುತ್ತಾ ಅಂತಾನೂ ಕೇಳಿದ್ರು. ನಿಮ್ಮ ನಾದಿನಿಗಿರಬೇಕು ಅಂದ್ಕೊಂಡೆ."

ಅವಳಿಗೆ ನಾದಿನಿಯರೇ ಇರಲಿಲ್ಲ.

"ಹೂಂ... ಸಂಬಂಧಿಕರು," ಎಂದಳು. ಕೈಯಲ್ಲಿದ್ದ ಬ್ಲೇಡು ದಾರ ಬಿಟ್ಟು ಬಟ್ಟೆಯನ್ನೇ ಕಚ್ಚಿತು.

ಗಂಡ ಮನೆಗಳ ನಕ್ಷೆ ಬರೆಯುವವನು. ಬೀದಿಯವರು ಬೆನ್ನ ಹಿಂದೆ ಟೇಪಣ್ಣ ಎನ್ನುತ್ತಿದ್ದರು. ಅಡುಗೆಮನೆಗೊಂದು ಕಪಾಟು ಮಾಡಿಸಲು ವರ್ಷಗಟ್ಟಲೆ ಅಳತೆ ತೆಗೆದ ಮನುಷ್ಯ. ಕಪಾಟು ಇನ್ನೂ ಬಂದಿರಲಿಲ್ಲ. ಅಂಥವನು ಮನೆಯನ್ನೇ ಹುಡುಕುತ್ತಿದ್ದಾನೆಂದರೆ, ವಿಷಯ ಎಷ್ಟು ದೂರ ಹೋಗಿರಬೇಕು...

ಅಂದು ಊಟದ ನಡುವೆ ಅವನೇ ಕೇಳಿದ, "ಮೂವತ್ತೆಂಟರ ಹೆಂಗಸಿಗೆ ಯಾವ ಬಣ್ಣ ಒಪ್ಪುತ್ತೆ?"

ಅವಳಿಗೆ ನಲವತ್ತೇಳು.

"ಯಾರಿಗೆ?"

"ಯಾರಿಗೂ ಇಲ್ಲ. ಸುಮ್ಮನೆ."

ಸುಮ್ಮನೆ... ಈ ಮನುಷ್ಯ ಜೀವಮಾನದಲ್ಲಿ ಏನನ್ನಾದರೂ ಸುಮ್ಮನೆ ಕೇಳಿದ್ದುಂಟೇ?

"ಹಸಿರು," ಎಂದಳು, ಅವನ ಮುಖವನ್ನೇ ನೋಡುತ್ತ. ಅವನು ಏನೋ ಸಿಕ್ಕವನಂತೆ ತಲೆಯಾಡಿಸಿದ.

ಅಂದಿನಿಂದ, ಕಂಡೇ ಇರದ ಆ ಹೆಂಗಸು ಅವಳ ಜೊತೆಗೇ ಇರತೊಡಗಿದಳು. ಹೊಲಿಗೆ ಯಂತ್ರ ತುಳಿಯುವಾಗ ಎದುರಿಗೆ ಬಂದು ಕೂರುತ್ತಿದ್ದಳು. ಹಸಿರು ಉಡುಪು. ಎಡಗೈಯಲ್ಲಿ ಲೋಟ ಹಿಡಿಯುತ್ತಾಳೆ. ಬಾಯಿಗೆ ಕೈ ಅಡ್ಡ ಇಡದೆ ನಗುತ್ತಾಳೆ. ಗಂಡನನ್ನು ಬಿಟ್ಟು ಬಂದವಳು; ಬಿಟ್ಟಿದ್ದಕ್ಕೆ ಒಂದು ದಿನವೂ ಅತ್ತವಳಲ್ಲ. ಶಪಿಸುವುದಕ್ಕೆಂದು ಕಣ್ಣ ಮುಂದೆ ತಂದುಕೊಂಡವಳು ಬರಬರುತ್ತ ಅರ್ಥವಾಗತೊಡಗಿದ್ದಳು. ಅದು ಇನ್ನೂ ಸಂಕಟ.

ಕೊನೆಗೆ ಅಕ್ಕನಿಗೆ ಫೋನು ಮಾಡಿದಳು.

"ನೇರವಾಗಿ ಕೇಳ್ಬಿಡೇ."

"ಕೇಳಿದ್ರೆ ಇಲ್ಲ ಅಂತಾರಷ್ಟೆ."

"ಹಾಗಾದ್ರೆ ಹೋಗಿ ನೋಡು. ಗಟ್ಟಿ ಚಪ್ಪಲಿ ಹಾಕ್ಕೊಂಡು ಹೋಗು."

"ಗುಡ್ಡ ಹತ್ತೋದಕ್ಕಾ?"

"ಹತ್ತೋದಕ್ಕೂ ಆಯ್ತು."

ಶನಿವಾರ ಮಧ್ಯಾಹ್ನ ಅವನು ಹೊರಟಾಗ ಅವಳು ಅಂಗಡಿ ಮುಚ್ಚಿ ಹಿಂಬಾಲಿಸಿದಳು. ಗುಡ್ಡದ ಮನೆಯ ಬಾಗಿಲು ಓರೆಯಾಗಿತ್ತು. ಒಳಗಿನಿಂದ ಅವನ ದನಿ, ಅವಳು ಎಂದೂ ಕೇಳಿರದಷ್ಟು ಮೆತ್ತಗೆ.

"ನೀನು ಕಿಟಕಿ ಹತ್ರ ಕೂತಿರು. ಅವನು ಬಂದ್ರೂ ಏಳ್ಬೇಡ..."

ಅವಳು ಬಾಗಿಲು ದೂಡಿದಳು. ಖಾಲಿ ಕೋಣೆಯಲ್ಲಿ ಅವನೊಬ್ಬನೇ ನಿಂತಿದ್ದ, ಕಿವಿಯ ಮೇಲೆ ಪೆನ್ಸಿಲ್ಲು. ನೆಲದ ಮೇಲೆ ಉದ್ದಕ್ಕೂ ಟೇಪು. ಅವಳು ಇನ್ನೊಂದು ಕೋಣೆ ನೋಡಿದಳು, ಬಚ್ಚಲುಮನೆ ನೋಡಿದಳು, ಬಾಗಿಲುಗಳ ಹಿಂದೆ ನೋಡಿದಳು.

"ಎಲ್ಲಿ ಅವಳು?"

"ಯಾರು?"

"ಹಸಿರು ಬಣ್ಣದವಳು."

ಅವನ ಮುಖ ಬಿಳಿಚಿತು. "ಕಾದಂಬರಿಯಲ್ಲಿ..."

"ಏನು?"

"ಒಂದು ಕಾದಂಬರಿ ಬರೀಬೇಕು ಅಂತ. ಅದರಲ್ಲಿ ಒಬ್ಬಳು ಹೆಂಗಸು. ಅವಳಿಗೊಂದು ಮನೆ ಬೇಕಲ್ಲ. ಬೆಳಕು ಯಾವ ಕಿಟಕಿಯಿಂದ ಬರುತ್ತೆ, ಬಸ್ಸಿಗೆ ಎಷ್ಟು ನಡೀಬೇಕು..."

"ಎಲ್ಲಿ, ಓದಿ ನೋಡೋಣ."

"ಇನ್ನೂ ಶುರು ಮಾಡಿಲ್ಲ."

"ಎಷ್ಟು ವರ್ಷದಿಂದ?"

"ಎಂಟೋ ಒಂಬತ್ತೋ."

"ಒಂದು ಸಾಲೂ ಇಲ್ಲ?"

"ಅವಳು ಯಾಕೆ ಮನೆ ಬಿಟ್ಟು ಬಂದ್ಲು ಅನ್ನೋದೇ ಇತ್ಯರ್ಥ ಆಗಿಲ್ಲ ಕಣೇ. ಅದಿಲ್ದೆ ಹೇಗೆ..."

ಎಂಥ ಅಚ್ಚುಕಟ್ಟಾದ ಸುಳ್ಳು ಎಂದುಕೊಂಡಳು. ತೋರಿಸಲು ಒಂದು ಹಾಳೆಯೂ ಇಲ್ಲದ ಕಾದಂಬರಿ!

"ರೀ, ಇಲ್ಲೇ ಕೂತು ಬರೀರಿ. ಈಗಲೇ. ಬರೆದ್ರೆ ನಂಬ್ತೀನಿ. ಇಲ್ಲಾಂದ್ರೆ ಇಲ್ಲಿಂದಲೇ ನಾನು ಅಕ್ಕನ ಮನೆಗೆ ಹೊರಟೆ. ವಾಪಸ್ ಬರಲ್ಲ."

"ಹೀಗೆ ಏಕಾಏಕಿ? ಪಕ್ಕದ ಮನೆಯವರು ಯಾರು ಅಂತಾನೂ ಇನ್ನೂ..."

"ಪಕ್ಕದ ಮನೆಯವರು ಹಾಳಾಗ್ಲಿ. ಅವಳು ಬಾಗಿಲಲ್ಲಿ ನಿಂತಿದಾಳೆ. ಬರೀರಿ."

ಅವನು ನೆಲದ ಮೇಲೆ ಕೂತು ಯಾವುದೋ ಹಳೆಯ ನಕ್ಷೆಯ ಹಿಂಬದಿ ತಿರುಗಿಸಿದ. ಬರೆದ, ಅಳಿಸಿದ. ಅವಳು ರಬ್ಬರು ಕಿತ್ತುಕೊಂಡಳು. ಅವನ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು. ಬಹಳ ಹೊತ್ತಿನ ಮೇಲೆ, ಪರೀಕ್ಷೆಯಲ್ಲಿ ಫೇಲಾದವನಂತೆ ಹಾಳೆ ಮುಂದೆ ಚಾಚಿದ. ಒಂದೇ ಸಾಲು.

'ಅವಳು ಮೂರಡಿ ಅಗಲದ ಬಾಗಿಲನ್ನು ತೆರೆದಳು.'

ಅವಳು ಎರಡು ಸಲ ಓದಿದಳು. ಇಷ್ಟು ದಿನ ತಡೆದಿಟ್ಟದ್ದೆಲ್ಲ ನಗುವಾಗಿ ಒಡೆಯಿತು. ನಗುತ್ತಲೇ ಗೋಡೆಗೊರಗಿ ಕೂತಳು. ಹೆಂಗಸೊಬ್ಬಳನ್ನು ಕದ್ದು ಪ್ರೀತಿಸುವ ಗಂಡಸು ಅವಳ ಬಾಗಿಲಿನ ಅಗಲ ಬರೆಯುವುದಿಲ್ಲ. ಇಂಥ ಸಾಲನ್ನು ಈ ಭೂಮಿಯ ಮೇಲೆ ಒಬ್ಬನೇ ಬರೆಯಬಲ್ಲ.

"ಚೆನ್ನಾಗಿಲ್ಲ, ಅಲ್ವಾ?"

"ಕೆಟ್ಟದಾಗಿದೆ. ಮುಂದಿನದು ಬರೀರಿ."

ಬರೆದ. ಈ ಸಲ ರಬ್ಬರು ಕೇಳಲಿಲ್ಲ. ಅವಳು ಅವನ ಭುಜದ ಮೇಲಿಂದ ಓದಿದಳು.

'ಅಂಗಡಿಯಿಂದ ಬಂದವಳು ಕಿಟಕಿಯ ಬಳಿ ಕೂತಳು. ಗಂಡ ಬಂದದ್ದು ಗೊತ್ತಿದ್ದೂ ತಿರುಗಿ ನೋಡಲಿಲ್ಲ.'

"ಇದು..." ಅವಳು ಆ ಸಾಲಿನ ಮೇಲೆ ಬೆರಳಿಟ್ಟಳು.

"ನೀನೇ. ಅಂಗಡಿ ಶುರು ಮಾಡಿದ ವರ್ಷ. ಮೂವತ್ತೆಂಟು ಆಗ ನಿನಗೆ. ಸಂಜೆ ಹಾಗೇ ಕೂತಿರ್ತಿದ್ದೆ. ಏನು ಯೋಚಿಸ್ತಿದೀಯ ಅಂತ ಕೇಳೋ ಧೈರ್ಯ ನನಗೆ ಬರ್ಲಿಲ್ಲ. ಬರೆದ್ರೆ ಗೊತ್ತಾಗಬಹುದು ಅಂದ್ಕೊಂಡೆ."

"ಒಬ್ಬಳೇ ಇರೋ ಮನೆ ಯಾಕೆ ಮತ್ತೆ?"

"ನನ್ನನ್ನ ಬಿಟ್ಟು ಹೋಗಿದ್ರೆ ಎಲ್ಲಿರ್ತಿದ್ದೆ ಅಂತ..." ಅವನು ಪೆನ್ಸಿಲ್ಲನ್ನೇ ನೋಡುತ್ತಿದ್ದ. "ಬೆಳಕಿರೋ ಮನೆ ಆದ್ರೂ ಸಿಗ್ಲಿ ಅಂತ ಹುಡುಕ್ತಿದ್ದೆ."

ಅವಳು ಅವನ ಬೆವರಿದ ಕತ್ತನ್ನು ತನ್ನ ತೋಳಿನ ಬಟ್ಟೆಯಿಂದ ಒರೆಸಿದಳು.

"ಪೆದ್ದು. ಕೇಳಬಹುದಿತ್ತಲ್ಲ."

"ಈಗ ಕೇಳ್ತೀನಿ. ಏನು ಯೋಚಿಸ್ತಿದ್ದೆ?"

"ಬರೀತಾ ಹೋಗಿ. ತಪ್ಪಿದ ಕಡೆ ಹೇಳ್ತೀನಿ."

ಅವನು ಹಾಳೆಯ ಮೇಲೆ ಬಾಗಿದ. ಅವಳು ಕಿಟಕಿಯತ್ತ ತಿರುಗಿದಳು.

ಅವನ ಕಾದಂಬರಿಯ ಹೆಂಗಸಿಗೆ ಮನೆ ಸಿಕ್ಕಿತು. ಆದರೆ ಎಡಗೈಯಲ್ಲಿ ಲೋಟ ಹಿಡಿಯುವ, ಬಿಟ್ಟು ಬಂದದ್ದಕ್ಕೆ ಅಳದ ಆ ಇನ್ನೊಬ್ಬಳು ಅವನಿಗೆ ಗೊತ್ತೇ ಇಲ್ಲ. ಅವಳು ಬರೀ ತನ್ನವಳು. ಅಳತೆ ಕೊಡದೆ, ಹೇಳಿ ಕಳಿಸದೆ ಬಂದು ಕೂತವಳು. ನಾಳೆ ಅಂಗಡಿಗೆ ಹೋದವಳೇ, ಯಂತ್ರಕ್ಕೆ ದಾರ ಪೋಣಿಸುವ ಮೊದಲು, ಅವಳನ್ನು ತಾನೇ ಬರೆಯಬೇಕು. ಮುಂದೇನಾಗುತ್ತದೋ ಗೊತ್ತಿಲ್ಲ. ಗೊತ್ತಿಲ್ಲದಿದ್ದರೂ ಬರೆಯುವುದೇ ಸರಿ.

"ಏನು ನಗ್ತಿದೀಯ?" ಎಂದ ಅವನು.

"ಏನಿಲ್ಲ. ನೀವು ಬರೀರಿ."