ಗುರವ್ವ ಅಲ್ಲದವಳು

ಆ ಮುಂಜಾನೆ ಸಿಂದಗಿಯಲ್ಲಿ ದಟ್ಟ ಮಂಜು. ಜೋಳದ ಹೊಲಗಳಿಂದ ಎದ್ದು ಗುಡಿಯ ಕಟ್ಟೆಯ ತನಕ ಬಂದು, ಕೈಮುಗಿಯಲು ನಿಂತಂತೆ ನಿಂತಿತ್ತು. ಅದರೊಳಗಿಂದ ಯಾರೋ ಕೂಗಿದರು: “ಏ ಗುರವ್ವ! ಯಂಕಂಚಿಯಿಂದ ಯಾವಾಗ ಬಂದಿ?”

ಶೇವಂತೆವ್ವ ತಿರುಗಿ ನೋಡಿದಳು. ಬಿಳಿ ಮೀಸೆ, ಹಣೆಯ ಮೇಲೆ ದೇವರ ಭಂಡಾರದ ಅರಿಶಿನ, ಮುಖದ ತುಂಬ ನಗೆ. ಕುರಿ ಕಾಯುತ್ತಲೇ ಮುಪ್ಪಾದ ಅಮೋಘಸಿದ್ಧ.

ಅವಳು ಗುರವ್ವನಲ್ಲ. ಗಂಡ ತೀರಿದ ಮೇಲೆ ಮಸೂತಿ ಎಂಬ ಊರಿನಿಂದ ಮಗಳ ಮನೆಗೆ ಬಂದವಳು. ಈ ಊರಿಗೆ ಬರೀ ‘ಆಯಿ’. ತನ್ನ ಮುಖ ಕಂಡು ಇನ್ನೊಂದು ಮುಖ ಹೀಗೆ ಬೆಳಗಿ ಎಷ್ಟು ಕಾಲವಾಗಿತ್ತೋ! ಅಲ್ಲ ಎನ್ನಲು ನಾಲಿಗೆ ಏಳಲಿಲ್ಲ.

“ಮೊನ್ನೆ ಬಂದೇನ್ರಿ,” ಎಂದಳು.

ಮರುದಿನ ಮಡಿಚಿಟ್ಟಿದ್ದ ಇಳಕಲ್ ಸೀರೆ ಹೊರಗೆ ಬಂತು. “ಏನಬೇ, ದೇವರು ಸೀರಿ ನೋಡಿ ದರ್ಶನ ಕೊಡ್ತಾನೇನು?” ಮಗಳು ಭುವನೇಶ್ವರಿ ಕೆಣಕಿದಳು.

ದಿನವೂ ಕಟ್ಟೆಯ ಮೇಲೆ ಅಮೋಘಸಿದ್ಧನ ಜೊತೆ ಮಾತು. “ನೀ ಸಣ್ಣಾಕಿದ್ದಾಗೂ ಹಿಂಗ ನಗತಿದ್ದಿ,” ಎನ್ನುತ್ತಿದ್ದ. ಅದು ಗುರವ್ವನ ನಗೆಯೋ ತನ್ನದೋ ಎಂದು ಶೇವಂತೆವ್ವ ಹಾದಿಯುದ್ದಕ್ಕೂ ಯೋಚಿಸುತ್ತಿದ್ದಳು.

ಒಂದು ದಿನ ಅವನು ಕರಿ ಕಂಬಳಿ ತಂದ. “ನಾ ಸಣ್ಣಾವಿದ್ದಾಗ ಮಳ್ಯಾಗ ನಿಮ್ಮಪ್ಪ ಇದನ್ನ ನನಗ ಹೊದಿಸಿ ಕಳಿಸಿದ್ದ. ಹಳೇ ಮನಿ ಕೆಡವಾಗ ಸಿಕ್ತು. ತಗೋ.”

ಕಂಬಳಿಯ ಮಡಿಕೆಯೊಳಗೆ ಭಂಡಾರ ಉದುರಿಸಿತ್ತು. ಭಂಡಾರ ಹಾಕಿದ ಮೇಲೆ ದೇವರೇ ಸಾಕ್ಷಿ. ತಪ್ಪಿದ ಕೈಗೆ ಹೋದರೆ ಋಣ ಹರಿಯದು. ತೆಗೆದುಕೊಂಡರೆ ದೇವರ ಮುಂದೆ ಸುಳ್ಳು. ನಿಜ ಹೇಳಿದರೆ ಈ ನಗೆ ನಾಳೆಯಿಂದ ಇಲ್ಲ.

ಅವಳು ಕೈ ಹಿಂದೆ ಕಟ್ಟಿಕೊಂಡಳು. “ನಾ ಗುರವ್ವ ಅಲ್ರಿ. ಮಸೂತಿ ಶೇವಂತೆವ್ವ.”

ಅವನು ಮೆಲ್ಲಗೆ ಕಟ್ಟೆಗೆ ಕುಳಿತ. “ವಯಸ್ಸಾದ್ಮ್ಯಾಲೆ ಹೊಸಬರ ಮಾರಿನೂ ಹಳೇ ಗುರ್ತಿಂದು ಅನಸ್ತೈತಂತ ಡಾಕ್ಟರು ಹೇಳಿದ್ರು. ಮನಸ್ಸು ‘ಹೂಂ’ ಅನ್ನಾಕ ಗಡಬಡ ಮಾಡ್ತೈತಂತ.” ಆಮೇಲೆ ಅವಳನ್ನು ಮೊದಲ ಸಲ ಕಂಡಂತೆ ನೋಡಿದ. “ಹಂಗಾರ ಇಷ್ಟು ದಿನಾ ನಾ ಗುರುತು ಹಿಡಿದದ್ದು ಯಾರ್ನರಿ?”

“ನಾನೂ ಅದನ್ನ ವಿಚಾರ ಮಾಡಾಕತ್ತೇನಿ.”

“ಯಂಕಂಚಿಗೆ ಜೋಡಿ ಬರ್ತೀರೇನು? ನನ್ನ ಕಣ್ಣಿನ ಮ್ಯಾಲೆ ನನಗ ಭರೋಸೆ ಇಲ್ಲ.”

ಯಂಕಂಚಿಯಲ್ಲಿ ಬಸ್ಸಿಳಿದು ಗುರವ್ವನ ಮನೆ ಕೇಳುತ್ತ ಹೋದರು. ಬಾಗಿಲು ತೆರೆದ ಮುದುಕಿ ಹೌಹಾರಿದಳು. “ಅಯ್ಯ ಶಿವನ, ಅಮೋಘ್ಯಾ! ಮೀಸಿ ಬೆಳ್ಳಗಾದ್ರೂ ಅದ ಮಳ್ಳ ಮಾರಿ ಐತಲ್ಲೋ! ನಾ ಗುರವ್ವ!”

ಅವನು ನೋಡಿದ. ಮತ್ತೆ ನೋಡಿದ. ಶೇವಂತೆವ್ವನ ಕಿವಿಯ ಹತ್ತಿರ ಬಾಗಿ, “ಇಕಿ ಯಾರೋ ಹೊಸಬಾಕಿ ಅನಸ್ತಾಳ,” ಎಂದ.

ಶೇವಂತೆವ್ವನ ಎದೆಯೊಳಗೆ ಒಂದು ಕಳ್ಳ ಸಂತೋಷ ಮಿಸುಕಿತು. ಹಿಂದೆಯೇ ಮರುಕ. “ಆಕಿನ ಗುರವ್ವರಿ. ನಿಮ್ಮ ಹೆಸರು ಹಿಡಿದು ಕರದ್ಲಲ್ಲ.”

“ನೀ ಅಂದ್ರ ಖರೆ,” ಎಂದ ಅಮೋಘಸಿದ್ಧ. “ಈಗ ನನಗ ಗುರುತಿರಾಕಿ ನೀ ಒಬ್ಬಾಕಿನ, ಶೇವಂತಿ.”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ಹೊಸ್ತಿಲ ತನಕ ಹೋಗಿ ಕಂಬಳಿಯನ್ನು ಗುರವ್ವನ ಕೈಯಲ್ಲಿಟ್ಟ.