ಕ್ಯಾಮೆಲಿಯಾ ಬುಡದ ಟೀ ಪುಡಿ

ನಂಬಿ ಎಂದು ನಾನು ಯಾರನ್ನೂ ಕೇಳುವುದಿಲ್ಲ.

ಹಿತ್ತಿಲಿನ ಕ್ಯಾಮೆಲಿಯಾ ಹೂಗಿಡ ನನ್ನ ಹೆಂಡತಿ ನೆಟ್ಟದ್ದು. "ಟೀ ಗಿಡದ ನೆಂಟ ಕಣ್ರೀ ಇದು, ಇದಕ್ಕೂ ಟೀ ಬೇಕು" ಎನ್ನುತ್ತಾ, ದಿನವೂ ಸೋಸಿದ ಟೀ ಪುಡಿಯನ್ನು ತೊಳೆದು ಬುಡಕ್ಕೆ ಹಾಕಿ ಬೆರಳಿನಿಂದ ಮೆಲ್ಲಗೆ ಒತ್ತುತ್ತಿದ್ದಳು. ನಾನು ಒತ್ತಿದರೆ ಗದರುತ್ತಿದ್ದಳು: "ಬೇರು ಮೇಲೇ ಇರುತ್ತೆ, ಮೆಲ್ಲಗೆ!"

ಅವಳು ಸತ್ತ ಮೇಲೆ ನಾನು ಗಿಡದ ಹತ್ತಿರ ಸುಳಿಯಲಿಲ್ಲ. ಒಂದು ಮಧ್ಯಾಹ್ನ ಟೀ ಕುಡಿದು ಎದ್ದು ನೋಡಿದರೆ, ಸೋಸುವ ಜಾಲರಿ ತೊಳೆದಿತ್ತು. ಗಿಡದ ಬುಡದಲ್ಲಿ ಹಸಿ ಪುಡಿ, ಅದರ ಮೇಲೆ ಬೆರಳಿನ ಗುರುತು. ಮುಟ್ಟಿದೆ. ಅಂಗೈಯಷ್ಟು ಬೆಚ್ಚಗಿತ್ತು.

"ನೀವೇ ಹಾಕಿ ಮರ್ತಿರ್ತೀರಪ್ಪಾ," ಎಂದಳು ಮಗಳು.

ಅಂದಿನಿಂದ ಹೆಂಡತಿಗೂ ಒಂದು ಲೋಟ ಟೀ ಇಡತೊಡಗಿದೆ. ಅದು ಕೆನೆಗಟ್ಟಿ ತಣ್ಣಗಾಗುತ್ತಿತ್ತು. ಪುಡಿ ಮಾತ್ರ ದಿನವೂ ಗಿಡಕ್ಕೆ ಹೋಗುತ್ತಿತ್ತು. ನನ್ನ ಕುರ್ಚಿಯ ಹತ್ತಿರ ಅವಳು ಒಮ್ಮೆಯೂ ಬರಲಿಲ್ಲ.

ನಿನ್ನೆ ಹೊಟ್ಟೆಕಿಚ್ಚಿಗೆ ಗಿಡವನ್ನು ಬೇರುಸಹಿತ ಕಿತ್ತೆಸೆದೆ. "ಈಗಲಾದ್ರೂ ನನ್ನ ಹತ್ರ ಬಾರೇ," ಎಂದು ಖಾಲಿ ಹಿತ್ತಿಲಿಗೆ ಕೂಗಿದೆ.

ಇವತ್ತೂ ಅವಳ ಲೋಟ ತುಂಬಿಯೇ ಇದೆ. ಗಿಡ ಕಿತ್ತ ಗುಂಡಿಯೊಳಗೆ ತೊಳೆದ ಟೀ ಪುಡಿ ಬಿದ್ದಿದೆ. ಮೆಲ್ಲಗೆ ಒತ್ತಿದ ಬೆರಳಿನ ಗುರುತು ಇನ್ನೂ ಬೆಚ್ಚಗಿದೆ.